ಮೇವಿನಲ್ಲಿದ್ದ ತಂತಿ

ಅತ್ತೆ,

ಇವತ್ತು ಬೆಳಿಗ್ಗೆ ನಮ್ಮ ಹಸು ಮೇವು ಮುಟ್ಟಲಿಲ್ಲ. ಬೆನ್ನು ಬಾಗಿಸಿಕೊಂಡು ಕೊಟ್ಟಿಗೆಯಲ್ಲಿ ಸುಮ್ಮನೆ ನಿಂತಿತ್ತು. ಹಾಲು ಕರೆಯುವುದನ್ನೂ ಬಿಟ್ಟು ದನದ ಡಾಕ್ಟರಿಗೆ ಫೋನ್ ಮಾಡಿದೆ. ಅವರು ಬಂದು ಬೆನ್ನನ್ನು ಒತ್ತಿದಾಗ ಹಸು ನರಳಿತು.

"ತಂತಿನೋ ಮೊಳೆನೋ ನುಂಗಿದೆ ಕಣಮ್ಮ. ಮೇವು ಆರಿಸಿ ಹಾಕಲ್ವಾ?" ಎಂದರು.

ಕತ್ತರಿಸಿದ ಮೇವನ್ನು ನೀವು ಗೋಣಿಚೀಲದ ಮೇಲೆ ಹರಡಿ, ಹಿಡಿಹಿಡಿಯಾಗಿ ಬೆರಳಾಡಿಸಿ ನೋಡಿಯೇ ಗೋದಲಿಗೆ ಹಾಕುತ್ತಿದ್ದಿರಿ. "ಇಷ್ಟು ಉಪಚಾರ ಮಾಡೋಕೆ ಅದೇನು ನಿಮ್ಮ ಬೀಗರಾ ಅತ್ತೆ?" ಎಂದು ನಾನು ನಗುತ್ತಿದ್ದೆ. "ನಮ್ಮ ಬೀಗರ ಬಾಯಿಗೆ ಕಲ್ಲು ಸಿಕ್ಕಿದ್ರೆ ಊರಿಗೆಲ್ಲ ಡಂಗುರ ಹೊಡೀತಾರೆ. ಈ ಮೂಕಪ್ರಾಣಿ ಯಾರಿಗೆ ಹೇಳುತ್ತೆ?" ಎನ್ನುತ್ತಿದ್ದಿರಿ. ನೀವು ತೀರಿಕೊಂಡ ಮೇಲೆ ನಾನು ಬುಟ್ಟಿಯನ್ನು ಹಾಗೇ ಸುರಿದು ಬರುತ್ತಿದ್ದೆ.

ಡಾಕ್ಟರು ಹಸುವಿಗೆ ಬೆರಳುದ್ದದ ಅಯಸ್ಕಾಂತ ನುಂಗಿಸಿ, ಇಂಜೆಕ್ಷನ್ ಕೊಟ್ಟರು. ತಂತಿ ಅದಕ್ಕೆ ಅಂಟಿಕೊಂಡು, ಮುಂದೆ ಸರಿದು ಎದೆಗೆ ಚುಚ್ಚದೆ ಹೊಟ್ಟೆಯಲ್ಲೇ ನಿಲ್ಲುತ್ತದಂತೆ.

"ಎಷ್ಟು ದಿನದಿಂದ ಹೀಗೆ ಬಾಗಿ ನಿಂತಿದೆ?"

"ಇವತ್ತು ಬೆಳಿಗ್ಗೆಯಿಂದ."

"ಹಾಗಾದ್ರೆ ಉಳಿಯುತ್ತೆ ಬಿಡಿ. ಒಂದೇ ದಿನಕ್ಕೆ ಗುರುತು ಹಿಡಿದ್ರಲ್ಲ, ಎಷ್ಟೋ ಜನ ತಿರುಗಿ ಕೂಡ ನೋಡಲ್ಲ" ಎಂದು ನನ್ನನ್ನು ಹೊಗಳಿದರು.

ನಾನು ತಲೆ ಎತ್ತಲಿಲ್ಲ ಅತ್ತೆ. ನೀವು ಕೊನೆಯ ನಾಲ್ಕು ತಿಂಗಳು ಹೊಟ್ಟೆ ಹಿಡಿದುಕೊಂಡು, ಅದೇ ಕೊಟ್ಟಿಗೆಯ ಕಂಬಕ್ಕೆ ಒರಗಿ ಬಾಗಿ ನಿಲ್ಲುತ್ತಿದ್ದಿರಿ. ನಾನು ದಿನಾ ಬಾಗಿಲಿಗೆ ಬಂದು, ಮೇವು ಹಾಕಿ ಆಯಿತೇ ಎಂದು ಕೇಳಿ ಒಳಗೆ ಹೋಗುತ್ತಿದ್ದೆ.