ಓದದೆ ಕೇಳಿದ ಎಡೆ

ಗಜೇಂದ್ರಗಡ
30 ಫೆಬ್ರುವರಿ 2209

ಚಿರಂಜೀವಿ ಭುವನೇಶ್ವರಿಗೆ ನಿನ್ನ ಮಾವ ಕಳಕಪ್ಪನ ಆಶೀರ್ವಾದಗಳು.

ತಾರೀಖು ನೋಡಿ ಗಾಬರಿಯಾಗಬೇಡ. ತಿಂಗಳುಗಳನ್ನೆಲ್ಲ ಸಮ ಮಾಡಿದ ಮೇಲೆ ನಮ್ಮ ಫೆಬ್ರುವರಿಗೂ ಮೂವತ್ತು ದಿನ ಬಂದಿವೆ. ವರಸೆಯಲ್ಲಿ ನೀನು ನನಗೆ ಆರು ತಲೆ ಹಿಂದಿನ ಅಜ್ಜಿ. ಆದರೆ ಮನೆಯಲ್ಲಿ ಉಳಿದಿರುವ ಫೋಟೋದಲ್ಲಿ ನಿನಗೆ ಇಪ್ಪತ್ತಾರು, ನನಗೆ ಈಗ ಐವತ್ತೊಂಬತ್ತು. ಮೀಸೆ ನರೆತವನು ಜಡೆ ಹಾಕಿದ ಹುಡುಗಿಯನ್ನು ಅಜ್ಜಿ ಎಂದರೆ ಊರು ನಕ್ಕೀತು. ಅದಕ್ಕೆ ನಾನು ಮಾವ. ಈ ಪತ್ರ ಬರುತ್ತಿರುವುದು ಹಿಂದಂಚೆಯಲ್ಲಿ, ಅಂದರೆ ಹಿಂದಿನ ಕಾಲಕ್ಕೆ ಹೋಗುವ ಅಂಚೆಯಲ್ಲಿ. ಅದು ಹೇಗೆ ಹೋಗುತ್ತದೆ ಎಂದು ನನಗೂ ಗೊತ್ತಿಲ್ಲ. ಕಚೇರಿಯವರು ತೂಕ ನೋಡುತ್ತಾರೆ, ಮುದ್ರೆ ಒತ್ತುತ್ತಾರೆ, ಅಷ್ಟೆ. ನನ್ನ ಮಾತುಗಳಲ್ಲಿ ಕೆಲವು ನಿನಗೆ ವಿಚಿತ್ರ ಅನ್ನಿಸಿದರೆ ಕ್ಷಮಿಸು. ನಾನು ಓದಿದ್ದು ಊರ ಶಾಲೆಯಲ್ಲಿ ಏಳನೆಯ ಇಯತ್ತೆ. ಹಾಗಿದ್ದರೂ ಈ ಗುಡ್ಡದ ಸುತ್ತಿನ ಹನ್ನೆರಡು ಹಳ್ಳಿಗಳಲ್ಲಿ ನನ್ನಷ್ಟು ಚೆಂದ ಪತ್ರ ಬರೆಯುವವನು ಇನ್ನೊಬ್ಬನಿಲ್ಲ. ಇದ್ದರೆ ಬಂದು ಹೇಳಲಿ.

ನಿನಗೆ ಈ ಪತ್ರ ಬರೆಯಲೇಬೇಕಾಯಿತು. ಕಾರಣ ಹೇಳುತ್ತೇನೆ.

ನಿನ್ನ ಕಾಲದ ಬ್ಲಾಗನ್ನು ನಾವು ಪಡಸಾಲೆ ಎನ್ನುತ್ತೇವೆ. ಪ್ರತಿಯೊಬ್ಬರಿಗೂ ಒಂದೊಂದು ಇದೆ. ಆದರೆ ತನ್ನ ಪಡಸಾಲೆಯಲ್ಲಿ ತಾನೇ ಬರೆದುಕೊಂಡದ್ದನ್ನು ನಮ್ಮಲ್ಲಿ ಯಾರೂ ಕಾಪಿಡುವುದಿಲ್ಲ. ಬರೆದವನ ಜೊತೆಗೇ ಅದೂ ಹೋಗುತ್ತದೆ. ಬೇರೆಯವರು ತಮ್ಮ ಪಡಸಾಲೆಯಲ್ಲಿ ನಿನ್ನ ಬರಹಕ್ಕೆ ಜಾಗ ಕೊಟ್ಟು, ಇವರನ್ನು ನಾನು ಬಲ್ಲೆ ಎಂದು ಹೇಳಿದರೆ ಮಾತ್ರ ಅದು ಹಗೇವಿಗೆ ಹೋಗುತ್ತದೆ. ಜೋಳ ತುಂಬಿಡುವ ಹಗೇವು ನಿನಗೆ ಗೊತ್ತಿರಬೇಕು. ನಾವು ಬರಹ ತುಂಬಿಡುವ ಜಾಗಕ್ಕೂ ಅದೇ ಹೆಸರಿಟ್ಟಿದ್ದೇವೆ. ವರ್ಷಕ್ಕೊಮ್ಮೆ ಯುಗಾದಿಯ ಮುಂಚೆ ಅದರ ಬಾಯಿ ಮುಚ್ಚುತ್ತಾರೆ. ಬೇರೆಯವರು ಕೊಡುವ ಈ ಜಾಗಕ್ಕೆ ಎಡೆ ಎಂದು ಹೆಸರು. ನೀವು ಅತಿಥಿ ಬರಹ ಎನ್ನುತ್ತೀರಿ. ಎಡೆ ಕೇಳಿದವನು ಪತ್ರ ಬರೆದು ಸುಮ್ಮನಿರುವ ಹಾಗಿಲ್ಲ. ಕರೆ ಬಂದ ಮೇಲೆ ಆ ಮನೆಗೆ ಹೋಗಿ, ಕುಳಿತು, ಮಾತಾಡಬೇಕು.

ನನಗೆ ಎಡೆ ಬೇಕೇ ಬೇಕಾಗಿತ್ತು. ನಾನು ರೆಕ್ಕೆ ಇಳಿಸುವವನು. ನಿನ್ನ ಕಾಲದಲ್ಲಿ ನಮ್ಮ ಗುಡ್ಡದ ಮೇಲೆ ಕರೆಂಟಿಗಾಗಿ ನಿಲ್ಲಿಸಿದ ಗಾಳಿಕಂಬಗಳು ತಿರುಗುವುದು ಬಿಟ್ಟು ಎಷ್ಟೋ ವರ್ಷವಾಯಿತು. ಅವುಗಳ ರೆಕ್ಕೆ ಇಳಿಸಿ, ಸೀಳಿ, ಮನೆಗಳಿಗೆ ಸೂರು ಹಾಕುತ್ತೇವೆ. ಒಂದು ರೆಕ್ಕೆಯಲ್ಲಿ ನಾಲ್ಕು ಮನೆ ಮುಚ್ಚಬಹುದು. ಇನ್ನೂರ ಹನ್ನೆರಡು ರೆಕ್ಕೆ ಇಳಿಸಿದ್ದೇನೆ, ಒಂದಕ್ಕೂ ಗೀರು ಬಿದ್ದಿಲ್ಲ. ಈಗ ಮೊಣಕಾಲು ಮಾತು ಕೇಳುವುದಿಲ್ಲ. ಕಪ್ಪತಗುಡ್ಡದ ಕಡೆ ಇನ್ನೂ ನಲವತ್ತು ಕಂಬಗಳಿವೆ, ತುಕ್ಕು ಹಿಡಿದು ನಿಂತಿವೆ, ಕೆಳಗೆ ದನ ಕಾಯುತ್ತಾರೆ. ಇಳಿಸುವ ಕ್ರಮ ಪೂರ್ತಿಯಾಗಿ ತಿಳಿದವರಲ್ಲಿ ಈಗ ಉಳಿದವನು ನಾನೊಬ್ಬನೇ. ಅದು ಈ ಯುಗಾದಿಯೊಳಗೆ ಹಗೇವಿಗೆ ಹೋಗದಿದ್ದರೆ ಮುಂದಿನವರು ಊಹೆಯ ಮೇಲೆ ಹತ್ತಬೇಕು.

ಆಗ ನಿನ್ನ ಟ್ರಂಕು ತೆಗೆದೆ. ನಿನ್ನ ಕಾಗದಗಳು ನಮ್ಮ ಮನೆಯಲ್ಲಿ ಇನ್ನೂ ಇವೆ. ಮಗ್ಗದ ಬಗ್ಗೆ ನೀನು ಬರೆಯುತ್ತಿದ್ದ ಬ್ಲಾಗಿಗೆ ದಿನಕ್ಕೆ ಹನ್ನೊಂದು ಓದುಗರು ಎಂದು ನೀನೇ ಬರೆದಿಟ್ಟಿದ್ದೀ. ಅದರಲ್ಲಿ ನಾಲ್ಕು ಸಲ ನೀನೇ ನೋಡಿದ್ದು ಎಂದೂ ಬರೆದಿದ್ದೀ. ಓದುಗರನ್ನು ಹೆಚ್ಚಿಸಿಕೊಳ್ಳಲು ಬೇರೆಯವರ ಬ್ಲಾಗುಗಳಲ್ಲಿ ಬರೆಯಬೇಕೆಂದು ನಲವತ್ತು ಬ್ಲಾಗುಗಳ ಪಟ್ಟಿ ಮಾಡಿದ್ದೀ. ಅವುಗಳಿಗೆಲ್ಲ ಕಳಿಸಲು ಒಂದೇ ಪತ್ರ: ನಿಮ್ಮ ಬ್ಲಾಗನ್ನು ದಿನವೂ ತಪ್ಪದೆ ಓದುತ್ತೇನೆ, ಓದಿದಾಗಲೆಲ್ಲ ಮನಸ್ಸಿಗೆ ಹಿತವಾಗುತ್ತದೆ, ನಿಮ್ಮಲ್ಲಿ ಒಂದು ಲೇಖನ ಬರೆಯಲು ಅವಕಾಶ ಕೊಡಿ. ಮೇಲೆ ಕೆಂಪು ಶಾಯಿಯಲ್ಲಿ "ನಾಳೆ ಕಳಿಸುವುದು". ಎಂಥ ಬುದ್ಧಿವಂತೆ ನಮ್ಮ ಹುಡುಗಿ ಎಂದು ಹಿಗ್ಗಿಹೋದೆ. ಹೆಸರಿನಲ್ಲಿ ಗಾಳಿಕಂಬ ಎಂದಿರುವ ಪಡಸಾಲೆಗಳನ್ನೆಲ್ಲ ಹುಡುಕಿ, ನಿನ್ನ ಪತ್ರವನ್ನೇ ಕಾಪಿ ಮಾಡಿ, ನನ್ನದೂ ಸ್ವಲ್ಪ ಒಗ್ಗರಣೆ ಇರಲಿ ಎಂದು, ಓದಿದಾಗಲೆಲ್ಲ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಳ್ಳುತ್ತೇನೆ ಎಂದು ಸೇರಿಸಿ ಕಳಿಸಿದೆ. ಒಂದನ್ನೂ ಓದಲಿಲ್ಲ.

ಕರೆ ಬಂದದ್ದು ಒಂದೇ ಕಡೆಯಿಂದ. ಡಂಬಳದ ಫಕೀರವ್ವ ಎಂಬ ಹೆಣ್ಣುಮಗಳು. ಅವಳ ಪಡಸಾಲೆಯ ಹೆಸರು ‘ಗಾಳಿಕಂಬದ ಕೆಳಗೆ’. ಬಿಸಿಲುಬಂಡಿ ಹತ್ತಿದೆ. ಮೋಡ ಬಂದರೆ ನಿಂತುಬಿಡುವ ಬಂಡಿ ಅದು. ನರೇಗಲ್ಲಿನಲ್ಲಿ ಎರಡು ತಾಸು ನಿಂತಿತು. ಆ ಎರಡು ತಾಸಿನಲ್ಲಾದರೂ ಓದಬಹುದಾಗಿತ್ತು. ಪಕ್ಕದವನಿಗೆ ನನ್ನ ಇನ್ನೂರ ಹನ್ನೆರಡು ರೆಕ್ಕೆಗಳ ಕಥೆ ಹೇಳುತ್ತ ಕುಳಿತೆ.

ಮನೆಯಲ್ಲಿ ಫಕೀರವ್ವ, ಮೂಲೆಯಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದ ಅವಳ ಅತ್ತೆ. ನೀರು ಕೊಟ್ಟರು.

"ದಿನಾ ಓದ್ತೀರಂತಲ್ರಿ ಅಣ್ಣಾರ?" ಎಂದಳು ಫಕೀರವ್ವ.

"ದಿನಾ ಅಂದ್ರ ದಿನಾ, ತಂಗಿ! ಚಾ ತಪ್ಪೀತು, ಇದು ತಪ್ಪೂದಿಲ್ಲ."

"ನಗು ಬರತೈತಿ ಅಂತ ಬರದೀರಿ. ಎಲ್ಲಿ ಬಂತ್ರಿ ನಗು?"

"ಅಯ್ಯ, ಒಂದು ಕಡೆ ಆದ್ರ ಹೇಳಬಹುದಿತ್ತು. ಎಲ್ಲಾ ಕಡೆ!"

ಮೊರದ ಸದ್ದು ನಿಂತಿತು. "ಕೇಳಿದೇನ ಫಕೀರವ್ವ," ಎಂದಿತು ಮುದುಕಿ. "ನನ್ನ ಮಗ ಸತ್ತದ್ದ ಓದಿ ಈ ಪುಣ್ಯಾತ್ಮಗ ಎಲ್ಲಾ ಕಡೆ ನಗು ಬಂತಂತ."

ಭುವನೇಶ್ವರಿ, ಮುನ್ನೂರು ಅಡಿ ಎತ್ತರದಲ್ಲಿ ಗಾಳಿ ತಿರುಗಿದಾಗಲೂ ನಾನು ಹಾಗೆ ಹೆದರಿರಲಿಲ್ಲ. ಕೈಯಲ್ಲಿದ್ದ ನೀರನ್ನು ಕೆಳಗಿಟ್ಟೆ. ಓದಿಲ್ಲ ತಾಯಿ, ಒಂದಕ್ಷರ ಓದಿಲ್ಲ ಎಂದು ಒಪ್ಪಿಕೊಂಡೆ. ಮನೆಗೆ ಹೋಗಿ ಓದಿ ಬರ್ರಿ ಎಂದಳು ಫಕೀರವ್ವ. ಹೋದರೆ ಮತ್ತೆ ಈ ಹೊಸ್ತಿಲು ಮೆಟ್ಟುವ ಧೈರ್ಯ ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ಇಲ್ಲೇ ಓದುತ್ತೇನೆ ಎಂದು ಅಲ್ಲೇ ಕುಳಿತೆ.

ಮೂರು ವರ್ಷದ ಬರಹ. ಅವಳ ಗಂಡ ಬಸವಂತಪ್ಪ ರೆಕ್ಕೆ ಇಳಿಸಲು ಹೋಗಿ ಅದರ ಕೆಳಗೇ ಸತ್ತವನು. ಅವನು ಹೋದ ಮೇಲೆ ಅವಳು ದಿನವೂ ಬರೆದಿದ್ದಳು. ಅವನ ಚಪ್ಪಲಿ ಯಾರಿಗೆ ಕೊಟ್ಟದ್ದು, ಅತ್ತೆ ಮರೆತು ಮೂರು ತಾಟು ಇಟ್ಟದ್ದು, ಗಾಳಿ ಬೀಸಿದರೆ ಕಿಟಕಿ ಹಾಕಿಕೊಳ್ಳುವುದು. ಓದುತ್ತ ಓದುತ್ತ ಅವನು ನನಗೆ ಪರಿಚಿತನಾದ. ಅವರ ರೊಟ್ಟಿ ತಿಂದೆ, ಅವರ ಮನೆಯ ಪಡಸಾಲೆಯಲ್ಲೇ ಮಲಗಿದೆ. ಮುದುಕಿ ನನ್ನ ಮುಖ ನೋಡುತ್ತಿರಲಿಲ್ಲ.

ಮೂರನೆಯ ದಿನ ಈ ಸಾಲು ಸಿಕ್ಕಿತು. ‘ಮುಂಡರಗಿಯ ಮದುವೆಯಲ್ಲಿ ಗಜೇಂದ್ರಗಡದ ಕಡೆಯವರೊಬ್ಬರು ಎರಡೇ ಹಗ್ಗದಲ್ಲಿ ರೆಕ್ಕೆ ಇಳಿಸುತ್ತೇನೆ ಎಂದು ಹೇಳಿದರಂತೆ. ನಮ್ಮ ಮನೆಯವರು ಬಹಳ ಖುಷಿಯಿಂದ ಬಂದಿದ್ದರು. ಮೂರನೆಯ ಹಗ್ಗಕ್ಕೆ ಎಂಟು ಜನ ಬೇಕು, ಇನ್ನು ಮೇಲೆ ಆ ತಾಪತ್ರಯವಿಲ್ಲ ಎಂದರು.’

ಆ ಮದುವೆ ನನಗೆ ನೆನಪಿದೆ. ಪಂಕ್ತಿಯಲ್ಲಿ ನನ್ನ ಎದುರು ಕುಳಿತು ಬಾಯಿ ತೆರೆದು ಕೇಳುತ್ತಿದ್ದ ಮುಖವೂ ನೆನಪಾಯಿತು. ಎರಡು ಹಗ್ಗ ಭಾರ ಹೊರುತ್ತವೆ; ಮೂರನೆಯದು ರೆಕ್ಕೆಯ ತುದಿಯನ್ನು ಗಾಳಿಗೆ ಬಿಟ್ಟುಕೊಡದೆ ಹಿಡಿಯುತ್ತದೆ. ಮೂರಿಲ್ಲದೆ ನಾನು ಒಂದೇ ಒಂದು ರೆಕ್ಕೆಯನ್ನೂ ಇಳಿಸಿದವನಲ್ಲ. ಎರಡು ಎಂದರೆ ಕೇಳುವವರ ಕಣ್ಣು ದೊಡ್ಡದಾಗುತ್ತಿತ್ತು, ಅಷ್ಟೆ.

ಎದ್ದು ಹೋಗಿಬಿಡಬಹುದಾಗಿತ್ತು. ಆ ಬರಹದಲ್ಲಿ ನನ್ನ ಹೆಸರಿರಲಿಲ್ಲ. ಹೋಗಲಿಲ್ಲ. ಇಬ್ಬರನ್ನೂ ಕರೆದು, ಆ ಮನುಷ್ಯ ನಾನೇ ಎಂದೆ.

ಫಕೀರವ್ವ ಎದ್ದು ಒಳಗೆ ಹೋದಳು. ತಿರುಗಿ ಬಂದಾಗ ಮುದುಕಿ ಬಾಗಿಲ ಕಡೆ ಕೈ ಮಾಡಿ, "ಇವನ್ನ ಮೊದಲ ಎಬ್ಬಿಸಿ ಹೊರಗ ಹಾಕ," ಎನ್ನುತ್ತಿತ್ತು.

"ಹಾಕಬಹುದು ಅತ್ತಿ," ಎಂದಳು ಫಕೀರವ್ವ. "ಹಾಕಿದ್ರ ಮೂರನೇ ಹಗ್ಗ ಯಾಕ ಬೇಕನ್ನೂದು ಇವರ ಕೂಡನ ಹೊಕ್ಕೈತಿ. ನಾಳೆ ಮತ್ತೊಬ್ಬಾಕಿ ನನ್ನಂಗ ಕುಂತು ಬರೀಬೇಕು." ಆಮೇಲೆ ನನ್ನ ಕಡೆ ತಿರುಗಿದಳು. "ಎಡಿ ಕೊಡ್ತೀನಿ. ಮೂರು ಹಗ್ಗ ಅಂತ ಬರೀರಿ. ಎರಡು ಅಂದಾಂವ ನಾನ, ಸುಳ್ಳು ಹೇಳಿದ್ದೆ ಅಂತನೂ ಬರೀರಿ. ಮೊದಲನೇ ಸಾಲಿನ್ಯಾಗ."

ಹನ್ನೊಂದು ಸಲ ಬರೆದು ಕೊಟ್ಟೆ, ಹನ್ನೊಂದು ಸಲವೂ ಹಿಂದಕ್ಕೆ ಕೊಟ್ಟಳು. "ಮತ್ತ ಜಂಬ ಬಂದೈತಿ ನೋಡ್ರಿ ಇಲ್ಲಿ," ಎಂದು ಬೆರಳಿಟ್ಟು ತೋರಿಸುವಳು. ಹನ್ನೆರಡನೆಯದನ್ನು ಹೋದ ವಾರ ಇಟ್ಟುಕೊಂಡಳು. ಅದೀಗ ಹಗೇವಿನಲ್ಲಿದೆ, ಅದರೊಳಗೆ ಇನ್ನೂರ ಹನ್ನೆರಡು ಎಂಬ ಸಂಖ್ಯೆ ಇಲ್ಲ. ಮುದುಕಿ ನನ್ನೊಡನೆ ಇನ್ನೂ ಮಾತಾಡಿಲ್ಲ. ಆಡಬೇಕೆಂದು ನಾನು ಕೇಳುವುದೂ ಇಲ್ಲ.

ಈಗ ನಿನ್ನ ವಿಷಯ. ನೀನು ‘ನಾಳೆ ಕಳಿಸುವುದು’ ಎಂದು ಬರೆದಿಟ್ಟ ದಿನವೇ ಇದು ನಿನ್ನ ಕೈ ಸೇರಲಿ ಎಂದು ಹಿಂದಂಚೆಯವರಿಗೆ ಹೇಳಿದ್ದೇನೆ. ನಿನ್ನ ಪಟ್ಟಿಯನ್ನು ಮತ್ತೆ ತೆಗೆದು ನೋಡಿ ದಂಗಾದೆ. ಬ್ಲಾಗಿನ ಹೆಸರು, ವಿಷಯ, ಓದುಗರೆಷ್ಟು, ಅತಿಥಿ ಬರಹ ಹಾಕುತ್ತಾರೆಯೇ ಎಂದು ನಾಲ್ಕು ಕಾಲಂ ಹಾಕಿದ್ದೀ. ಓದಿದೆನೇ ಎಂಬ ಕಾಲಂ ಇಲ್ಲ. ನಿಮ್ಮ ಕಾಲದ ಬರಹಗಳನ್ನು ಸೋಸದೆ ತುಂಬಿಟ್ಟ ಹಳೇ ಹಗೇವು ಒಂದಿದೆ. ಅಲ್ಲಿ ಕುಳಿತು ಆ ನಲವತ್ತನ್ನೂ ನಾನು ಓದಿದೆ. ಇಪ್ಪತ್ತೆರಡು ಬ್ಲಾಗುಗಳಲ್ಲಿ ಬರೆಯಲು ನಿನಗೆ ಏನೂ ಇಲ್ಲ, ಹೊಡೆದುಹಾಕು. ಕೆಲವರು ಎಂದೋ ಬರೆಯುವುದು ನಿಲ್ಲಿಸಿದ್ದಾರೆ. ಕೆಲವರು ಮಗ್ಗದ ಬಗ್ಗೆ ತಪ್ಪು ಬರೆದಿದ್ದಾರೆ, ಅಲ್ಲಿ ನಿನ್ನ ಮಾತು ನಿಜವಾಗಿ ಬೇಕು. ತಪ್ಪು ಯಾವುದು ಎಂದು ಓದಿದರೆ ನಿನಗೇ ತಿಳಿಯುತ್ತದೆ, ಅಲ್ಲಿಂದಲೇ ಪತ್ರ ಶುರುಮಾಡು.

ಆದರೆ ಹತ್ತೊಂಬತ್ತನೆಯವರಿಗೆ ನಾಳೆ ಆ ಪತ್ರ ಹೋಗಕೂಡದು. ನಿವೃತ್ತ ಬಸ್ ಕಂಡಕ್ಟರ್ ಅವರು. ಹೆಂಡತಿಯ ಸೀರೆಗಳ ಬಗ್ಗೆ ವಾರಕ್ಕೊಂದು ಬರೆಯುತ್ತಾರೆ. ನಿನ್ನ ಪಟ್ಟಿಯಲ್ಲಿ ವಿಷಯ ‘ಸೀರೆ’ ಎಂದಷ್ಟೇ ಇದೆ. ಎಂಟು ವಾರದಿಂದ ಅವರು ಒಂದೇ ಸೀರೆಯ ಬಗ್ಗೆ ಬರೆಯುತ್ತಿದ್ದಾರೆ, ಆಕೆ ಆಸ್ಪತ್ರೆಗೆ ಉಟ್ಟುಕೊಂಡು ಹೋದ ಸೀರೆಯ ಬಗ್ಗೆ. ಅದರ ಕೆಳಗೆ ಒಬ್ಬರೂ ಒಂದು ಮಾತು ಬರೆದಿಲ್ಲ. ಇವತ್ತೇ ಕುಳಿತು ಮೊದಲಿನಿಂದ ಓದು. ಓದಿದ ಮೇಲೆ ಎರಡು ಸಾಲು ಬರೆ. ಲೇಖನದ ಮಾತು ಎತ್ತಬೇಡ. ಆ ತಾಯಿ ಹೇಗಿದ್ದಾರೆ ಎಂದು ಕೇಳು.

ಇಂತಿ,
ಕಳಕಪ್ಪ