ಬದುಕಿರುವವಳ ತಿಥಿ

ವೆಸ್ಟ್ ಮಾಂಬಲಂ, ಚೆನ್ನೈ
ಭಾನುವಾರ, ೧೨ ಅಕ್ಟೋಬರ್ ೨೦೨೫

ಪ್ರೀತಿಯ ಪ್ರಿಯಾ,

ಫೋನು ಕೈಯಲ್ಲೇ ಇರುವಾಗ ಅಕ್ಕ ಕಾಗದ ಯಾಕೆ ಬರೆಯುತ್ತಿದ್ದಾಳೆ ಎಂದು ನಿನಗೆ ಅನ್ನಿಸಬಹುದು. ಫೋನಿನಲ್ಲಿ ಒಂದೇ ಸಾಲು ಕಳಿಸಿ ಎಂಥ ಅನಾಹುತ ಮಾಡಿದೆ ಎಂದು ಗೊತ್ತಾದ ಮೇಲೆ ಆ ಸಣ್ಣ ಪರದೆಯ ಮೇಲೆ ಬೆರಳಿಡಲು ಭಯವಾಗುತ್ತದೆ. ಅಮ್ಮ ಒಳಗೆ ಮಲಗಿದ್ದಾಳೆ. ಚಾತುರ್ಮಾಸ್ಯದ ಕೊನೆಯ ತಿಂಗಳು, ಬೇಳೆಕಾಳು ಮುಟ್ಟುವ ಹಾಗಿಲ್ಲ. ಬೇಳೆಯಿಲ್ಲದ ಸಾರು ಉಂಡರೆ ನಿದ್ದೆಯೂ ನೀರು ನೀರಾಗಿರುತ್ತದೆ ಎನ್ನುತ್ತಾಳೆ. ಅವಳು ಏಳುವುದರೊಳಗೆ ಇದನ್ನು ಮುಗಿಸಬೇಕು.

ಆ ಸಾಲಿನಿಂದಲೇ ಶುರು ಮಾಡುತ್ತೇನೆ. ಕಳೆದ ತಿಂಗಳ ಕೊನೆಗೆ ನೀನು ಉಟ್ರೆಕ್ಟಿನಿಂದ ಬರೆದೆ: ಎರಡನೆಯ ಡಾಕ್ಟರೂ ಒಪ್ಪಿದರು, ಇನ್ನು ದಿನ ಗೊತ್ತು ಮಾಡುವುದು ನನಗೆ ಬಿಟ್ಟದ್ದು, ಅಮ್ಮನಿಗೆ ವರ್ಷಾವರ್ಷ ಶ್ರಾದ್ಧ ಮಾಡಿಸಲು ತೊಂದರೆಯಾಗದ ತಿಥಿ ನೋಡಿ ಹೇಳು, ಏಕಾದಶಿ ಬೇಡ, ಚಾತುರ್ಮಾಸ್ಯ ಬೇಡ, ದೀಪಾವಳಿಯ ಆಸುಪಾಸೂ ಬೇಡ, ಎಂದು. ದಯಾಮರಣ ಎಂಬ ಪದ ನಮ್ಮ ಪತ್ರಿಕೆಗಳಲ್ಲಿ ಬರುತ್ತದೆ. ನೀನು ಒಮ್ಮೆಯೂ ಅದನ್ನು ಬಳಸಿಲ್ಲ. ‘ಆ ದಿನ’ ಎನ್ನುತ್ತೀ, ಹಲ್ಲಿನ ಡಾಕ್ಟರ ಹತ್ತಿರ ಹೋಗುವ ದಿನವನ್ನು ಹೇಳುವ ಹಾಗೆ.

ಆಗ ನಾನು ಎಗ್ಮೋರಿನ ಆಫೀಸಿನಿಂದ ಮನೆಗೆ ಬರುತ್ತಿದ್ದೆ. ಲೇಡೀಸ್ ಡಬ್ಬಿಯಲ್ಲಿ ನಿಂತಿದ್ದೆ, ಹೂ ಮಾರುವವಳ ಬುಟ್ಟಿ ಮೊಣಕಾಲಿಗೆ ಒತ್ತುತ್ತಿತ್ತು. ಓದಿದೆ. ಏನೂ ಆಗಲಿಲ್ಲ. ಮನೆಗೆ ಬಂದು ಕಾಲು ತೊಳೆದು ಗೋಡೆಯ ಮೊಳೆಯಿಂದ ಪಂಚಾಂಗ ತೆಗೆದೆ. ಅಪ್ಪ ಹೋದ ಮೇಲೆ ನಮ್ಮ ಬಳಗಕ್ಕೆಲ್ಲ ದಿನ ನೋಡಿ ಹೇಳುವವಳು ನಾನೇ ತಾನೆ? ಮಾಧವರಂ ಅತ್ತೆ ಗೃಹಪ್ರವೇಶಕ್ಕೆ ಕೇಳುತ್ತಾಳೆ, ಚಿಕ್ಕಪ್ಪನ ಮಗ ಸುಜಯೀಂದ್ರ ತನ್ನ ಅಪ್ಪನ ಶ್ರಾದ್ಧ ಯಾವತ್ತು ಬೀಳುತ್ತದೆ ಎಂದು ಕೇಳುತ್ತಾನೆ. ಕನ್ನಡ ಎಂ.ಎ. ಮಾಡಿದ್ದಕ್ಕೆ ಮದರಾಸಿನಲ್ಲಿ ಸಿಕ್ಕ ಉದ್ಯೋಗ ಇದೊಂದೇ ಎಂದು ನೀನೇ ಅಣಕಿಸುತ್ತಿದ್ದೆ. ಪುಟ ತಿರುವಿದೆ, ಬೆರಳಿಟ್ಟು ನೋಡಿದೆ, ಬರೆದೆ: “ಮಾರ್ಗಶಿರ ಶುದ್ಧ ಸಪ್ತಮಿ, ಗುರುವಾರ. ಏನೂ ತೊಂದರೆ ಇಲ್ಲ.”

ಆಮೇಲೆ ಕಾಫಿ ಬೆರೆಸಿಕೊಂಡು ಕೂತೆ. ಅರ್ಧ ಲೋಟ ಕುಡಿಯುವ ಹೊತ್ತಿಗೆ ನಾನು ಮಾಡಿದ್ದೇನೆಂದು ತಿಳಿಯಿತು. ಅಷ್ಟರಲ್ಲಿ ನಿನ್ನ ಉತ್ತರ ಬಂದಿತ್ತು. ಥ್ಯಾಂಕ್ಸ್ ಅಕ್ಕ, ನೀನು ಒಪ್ಪಿದ್ದು ನನಗೆ ತುಂಬ ದೊಡ್ಡದು, ಡಾಕ್ಟರಿಗೂ ಹೇಳಿದೆ, ಎಂದು.

ಪ್ರಿಯಾ, ನಾನು ಒಪ್ಪಿರಲಿಲ್ಲ. ತಿಥಿ ನೋಡಿದ್ದೆ, ಅಷ್ಟೆ. ನಮ್ಮಲ್ಲಿ ಯಾರಾದರೂ ದಿನ ಕೇಳಿದರೆ ಯಾಕೆ ಎಂದು ಕೇಳುವ ರೂಢಿಯಿಲ್ಲ, ನೋಡಿ ಹೇಳುವುದೇ ಮರ್ಯಾದೆ. ಆ ಮರ್ಯಾದೆಯಲ್ಲಿ ತಂಗಿಯ ಸಾವಿಗೆ ದಿನ ಆರಿಸಿ ಕೊಟ್ಟೆ, ತೊಂದರೆ ಇಲ್ಲ ಎಂದೂ ಸೇರಿಸಿದೆ.

ಇಷ್ಟು ದಿನ ತಿದ್ದದೆ ಯಾಕೆ ಸುಮ್ಮನಿದ್ದೆ ಎಂದು ಕೇಳುತ್ತೀ. ತಿದ್ದಲು ಹೋದರೆ ಅದರ ಹಿಂದೆ ಒಂದು ವಾದ ಬೇಕಾಗುತ್ತದೆ, ನನ್ನ ವಾದಗಳೆಲ್ಲ ನಿನ್ನ ಮುಂದೆ ಆಗಲೇ ಸೋತಿವೆ. ಆಗಸ್ಟಿನಲ್ಲಿ ನಾನು ಹೇಳಿದ್ದೆ: ಕ್ಯಾನ್ಸರ್ ಆಗಿದ್ದರೆ ನಾನು ಬಾಯಿ ತೆರೆಯುತ್ತಿರಲಿಲ್ಲ, ಅಲ್ಲಿ ರೋಗ ಬೇರೆ, ರೋಗಿ ಬೇರೆ, ಈ ಕಾಯಿಲೆಯಲ್ಲಿ ಸಾಯಬೇಕು ಎನ್ನುವುದು ನೀನೋ ನಿನ್ನ ಖಿನ್ನತೆಯೋ ನನಗೆ ಹೇಗೆ ತಿಳಿಯಬೇಕು? ನೀನು ಸಿಟ್ಟು ಮಾಡಿಕೊಳ್ಳಲಿಲ್ಲ. ಇಷ್ಟೇ ಹೇಳಿದೆ, “ಅಕ್ಕಾ, ಇಪ್ಪತ್ತು ವರ್ಷ ನಾನು ಬದುಕಬೇಕು ಅಂತ ಆಸ್ಪತ್ರೆ ಆಸ್ಪತ್ರೆ ಅಲೆದಾಗ, ಇದು ನೀನಾ ಕಾಯಿಲೆಯಾ ಅಂತ ಯಾರೂ ಕೇಳಲಿಲ್ಲ.”



ನಿನ್ನ ಡಾಕ್ಟರು ವಿಡಿಯೋದಲ್ಲಿ ನನ್ನನ್ನು ಮಾತಾಡಿಸಿದ್ದನ್ನು ನಾನು ನಿನಗೆ ಪೂರ್ತಿ ಹೇಳಿಲ್ಲ. ಒಳ್ಳೆಯ ಹೆಂಗಸು. ನನ್ನ ಇಂಗ್ಲಿಷ್ ತಡವರಿಸಿದಾಗ ಕಾಯುತ್ತಿದ್ದಳು. ನನ್ನ ತಂಗಿ ಒಂಟಿ, ಗಂಡ ರವಿಕಿರಣ್ ಬಿಟ್ಟು ಹೋದ ಮೇಲೆ ಅವಳಿಗೆ ಅಲ್ಲಿ ಯಾರಿದ್ದಾರೆ, ಇದನ್ನೆಲ್ಲ ನೀವು ಲೆಕ್ಕಕ್ಕೆ ತೆಗೆದುಕೊಂಡಿರಾ ಎಂದು ಕೇಳಿದೆ. ತೆಗೆದುಕೊಂಡಿದ್ದೇವೆ, ಆದರೆ ಒಂಟಿತನ ನಮ್ಮ ಕಾನೂನಿನಲ್ಲಿ ಕಾರಣವಾಗುವುದಿಲ್ಲ, ತಾಳಲಾರದ ನೋವು ಕಾಯಿಲೆಯಿಂದಲೇ ಬಂದಿರಬೇಕು, ವಾಸಿಯಾಗುವ ದಾರಿ ಉಳಿದಿರಬಾರದು, ಎಂದಳು. ಒಂಟಿತನ, ಕಾಯಿಲೆ, ಇವೆರಡನ್ನು ಅವರು ಹೇಗೆ ಬಿಡಿಸಿ ನೋಡುತ್ತಾರೋ. ಒಂಟಿತನ ಕಾರಣವಲ್ಲ ಎಂದಾಗ, ಹಾಗಾದರೆ ನಾನು ಪಾಸಾಗುವುದಿಲ್ಲ ಎಂದು ಮನಸ್ಸಿನಲ್ಲೇ ಅಂದುಕೊಂಡೆ, ನಗುವೂ ಬಂತು. ಅವಳು ಪರದೆಯಾಚೆ ನನ್ನ ನಗುವನ್ನು ನೋಡಿ ಏನೆಂದುಕೊಂಡಳೋ.

ಎಲ್ಲ ಮುಗಿದ ಮೇಲೆ ಒಂದು ಸಮಿತಿ ಕೂತು, ಎಲ್ಲವೂ ನಿಯಮದಂತೆ ನಡೆಯಿತೇ ಎಂದು ನೋಡುತ್ತದಂತೆ. ಆಮೇಲೆ! ಅವರು ನ್ಯಾಯವಂತರೇ ಇರಬಹುದು. ಆದರೆ ಈ ನ್ಯಾಯದಲ್ಲಿ ತಪ್ಪು ಸಿಕ್ಕರೆ ಅದನ್ನು ಯಾರಿಗೆ ಮರಳಿಸುತ್ತಾರೆ?

ನಮ್ಮ ಸರ್ಕಾರ ಮೇಲು ಎಂದು ನಾನು ಹೇಳುತ್ತಿಲ್ಲ. ಮೊನ್ನೆ ಮೊನ್ನೆಯವರೆಗೂ ಇಲ್ಲಿ ಸಾಯಲು ಹೋಗಿ ಉಳಿದವರ ಮೇಲೆ ಪೊಲೀಸರು ಕೇಸು ಹಾಕುತ್ತಿದ್ದರು. ನಿನ್ನನ್ನು ಮೊದಲ ಸಲ ಇಲ್ಲಿಯ ಆಸ್ಪತ್ರೆಗೆ ಸೇರಿಸಿದಾಗ ಕಿಟಕಿಯಿಲ್ಲದ ಆ ವಾರ್ಡಿನಲ್ಲಿ ಒಂದು ಮಂಚಕ್ಕೆ ಎಷ್ಟು ಕಾದೆವು ಎಂಬುದು ನನಗೆ ನೆನಪಿದೆ. ಬಳಗಕ್ಕೂ ನೆರೆಹೊರೆಗೂ ಥೈರಾಯ್ಡ್ ಎಂದು ಹೇಳಿದೆವು. ಇವತ್ತಿಗೂ ಎದುರು ಮನೆಯ ಮಾಮಿ ಮೆಟ್ಟಿಲಲ್ಲಿ ಸಿಕ್ಕರೆ “ಪ್ರಿಯಾವುಕ್ಕು ಥೈರಾಯ್ಡ್ ಎಪ್ಪಡಿ ಇರುಕ್ಕು?” ಎನ್ನುತ್ತಾಳೆ, ಹೇಗಿದೆ ಎಂದು. ಪರವಾಗಿಲ್ಲ ಮಾಮಿ ಎನ್ನುತ್ತೇನೆ. ನಿನ್ನ ಮಾತನ್ನು ಕೂತು ಕೇಳಿಸಿಕೊಂಡವರು ಮೊದಲು ಆ ದೇಶದವರು, ನಾವಲ್ಲ. ನೀನು ಆ ಮಾತನ್ನು ಎಂದೂ ಎತ್ತಿ ಆಡಿಲ್ಲ. ಆಡಿದ್ದರೂ ನಾನು ಸಹಿಸಿಕೊಳ್ಳುತ್ತಿದ್ದೆ.

ಈಗ ನಿನ್ನದು ಹಾರ್ಟಿನ ತೊಂದರೆ ಎಂದು ಅಮ್ಮನಿಗೆ ಹೇಳೋಣ ಎಂದೆ ನೀನು. ಅದಕ್ಕೂ ನಾನು ಹೂಂ ಎಂದಿದ್ದೇನೆ.

ಹೋದ ವಾರ ಪಂಢರಿನಾಥಾಚಾರ್ಯರ ಮನೆಗೆ ಹೋಗಿದ್ದೆ. ಮಾಂಬಲಂ ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿ ಇದ್ದಾರಲ್ಲ, ಅಪ್ಪನ ಶ್ರಾದ್ಧಕ್ಕೆ ಬರುವವರು. ಡಾಕ್ಟರೇ ಕಾನೂನಿನ ಪ್ರಕಾರ ಮಾಡಿದರೆ ಅದು ಆತ್ಮಹತ್ಯೆಯೇ, ಅಂಥವರಿಗೆ ಶ್ರಾದ್ಧ ಮಾಮೂಲಿನಂತೆ ಮಾಡಬಹುದೇ ಎಂದು ಕೇಳಬೇಕಿತ್ತು. ನೀನೇ ಕೇಳಿದ್ದೆಯಲ್ಲ. ದೇವರ ಮನೆಗೆ ಕಾಲಿಡದವಳಿಗೆ ಅದು ಯಾಕೆ ಬೇಕಾಯಿತು ಎಂದು ಆಗ ಆಶ್ಚರ್ಯವಾಗಿತ್ತು. ವರ್ಷಕ್ಕೊಂದು ದಿನ ನಿನ್ನ ಹೆಸರು ನಮ್ಮ ಮನೆಯಲ್ಲಿ ಗಟ್ಟಿಯಾಗಿ ಕೇಳಬೇಕು ಎಂದು ನಿನಗೆ ಆಸೆಯಿತ್ತು ಎಂದು ಈಗ ಅನ್ನಿಸುತ್ತದೆ.

ಆಫೀಸಿನ ಸ್ನೇಹಿತೆಯ ತಂಗಿ ಎಂದು ಶುರು ಮಾಡಿದೆ. ಅವರು ಮಾಧ್ವರಾ ಎಂದು ಆಚಾರ್ಯರು ಕೇಳಿದರು. ಹೌದು ಎಂದೆ. ನಿಮ್ಮ ಆಫೀಸಿನಲ್ಲಿ ಕನ್ನಡದವರು ನೀವೊಬ್ಬರೇ ಅಂತ ಯಾವಾಗಲೂ ಗೊಣಗುತ್ತಿದ್ದಿರಲ್ಲ ಎಂದು ನಕ್ಕರು. ನನಗೆ ಅಲ್ಲೇ ಅಳು ಬಂತು. ಅವರು ನಗು ನಿಲ್ಲಿಸಿ, ಒಳಗೆ ಹೋಗಿ ನೀರು ತಂದಿಟ್ಟರು. ಶಾಸ್ತ್ರ ಬರೆದವರ ಕಾಲದಲ್ಲಿ ಇಂಥ ಡಾಕ್ಟರೂ ಇರಲಿಲ್ಲ, ಇಂಥ ಸರ್ಕಾರವೂ ಇರಲಿಲ್ಲ, ಗೊತ್ತಿಲ್ಲದ್ದನ್ನು ಗೊತ್ತು ಅಂತ ಹೇಳಲಾರೆ ಎಂದರು. ಆಮೇಲೆ, “ಕಾಲವಾದವರದು ಕೇಳು, ಹುಡುಕಿ ಹೇಳ್ತೀನಿ. ಬದುಕಿರೋಳ ತಿಥಿ ನನ್ನ ಹತ್ರ ಕೇಳಬೇಡಮ್ಮಾ,” ಎಂದರು.

ಅವರು ಕೇಳಬೇಡ ಎಂದದ್ದನ್ನು ನಾನು ಯಾಕೆ ಎಂದೂ ಕೇಳದೆ ನಿನಗೆ ಕೊಟ್ಟುಬಿಟ್ಟಿದ್ದೆ.

ಆವತ್ತಿನಿಂದ ನನ್ನ ದಿನಗಳು ಹೇಗಿವೆ ಎಂದು ಹೇಳಲೇ? ಬೆಳಿಗ್ಗೆ ಟ್ರೈನಿನಲ್ಲಿ ಒಂದು ಕವಿತೆ ಓದುವ ಅಭ್ಯಾಸ ನಿನಗೆ ಗೊತ್ತು. ಈಗ ಪುಸ್ತಕ ಚೀಲದಲ್ಲೇ ಇರುತ್ತದೆ. ಸಾವನ್ನು ಕವಿಗಳು ನದಿ ಎನ್ನುತ್ತಾರೆ, ನಿದ್ದೆ ಎನ್ನುತ್ತಾರೆ, ತವರು ಎಂದೂ ಎನ್ನುತ್ತಾರೆ. ಇಷ್ಟು ವರ್ಷ ತಲೆದೂಗಿದೆ. ಈಗ ಓದಿದರೆ, ನಿಮ್ಮ ತಂಗಿಗೆ ಯಾರಾದರೂ ಗುರುವಾರ ಎಂದು ದಿನ ಕೊಟ್ಟಿದ್ದಾರಾ ಎಂದು ಕೇಳಬೇಕೆನಿಸುತ್ತದೆ. ಸಂಜೆ ಸ್ಟೇಷನ್ನಿನ ಮೆಟ್ಟಿಲು ಇಳಿದು, ಪ್ಲಾಸ್ಟಿಕ್ ಬಿಂದಿಗೆ, ಬಳೆ, ಸೀರೆಯ ಫಾಲ್ಸು ಮಾರುವ ಅಂಗಡಿಗಳ ಮಧ್ಯೆ ಅಷ್ಟು ಜನರನ್ನು ತಳ್ಳಿಕೊಂಡು ಮನೆಗೆ ಬರುತ್ತೇನೆ. ಅಮ್ಮ ಬಾಗಿಲು ತೆಗೆದು ಬಂದೆಯಾ ಎನ್ನುತ್ತಾಳೆ. ಬಂದೆ ಎನ್ನುತ್ತೇನೆ. ರಾತ್ರಿ ಮಲಗುವವರೆಗೆ ಇನ್ನು ಹೆಚ್ಚು ಮಾತಿರುವುದಿಲ್ಲ. ಅವಳಿಗೆ ಎಪ್ಪತ್ತೆಂಟು. ಅವಳಾದ ಮೇಲೆ ಈ ಪ್ರಪಂಚದಲ್ಲಿ ನನಗೆ ಉಳಿಯುವುದು ಅಕ್ಕ ಎಂದು ಕರೆಯುವ ನೀನೊಬ್ಬಳೇ. ಸುಜಯೀಂದ್ರ ಕೂಡ ಸುಮೇಧಾ ಎಂದೇ ಕರೆಯುವುದು.

ಅದಕ್ಕೇ ನನ್ನ ‘ಬೇಡ’ ಎಂಬ ಮಾತಿನ ಮೇಲೆ ನನಗೇ ನಂಬಿಕೆಯಿಲ್ಲ. ಅದರಲ್ಲಿ ನಿನ್ನ ಹಿತ ಎಷ್ಟು, ನನ್ನ ಭಯ ಎಷ್ಟು ಎಂದು ಕೇಳಿಕೊಂಡರೆ ಭಯವೇ ಹೆಚ್ಚು ಕಾಣುತ್ತದೆ. ನಾನು ಒಂಟಿಯಾಗಬಾರದು ಎಂಬುದಕ್ಕೋಸ್ಕರ ನೀನು ಪ್ರತಿ ಬೆಳಿಗ್ಗೆ ಆ ನೋವಿನೊಳಗೆ ಕಣ್ಣು ತೆರೆಯಬೇಕು ಎಂದು ಕೇಳುವ ಹಕ್ಕು ನನಗೆ ಯಾರು ಕೊಟ್ಟರು? ಆದರೂ ಕೇಳುತ್ತಿದ್ದೇನೆ. ಹಕ್ಕಿಲ್ಲದೆಯೇ ಕೇಳುತ್ತಿದ್ದೇನೆ ಎಂದು ನಿನಗೆ ತಿಳಿದಿರಲಿ.

ಡಾಕ್ಟರುಗಳು ಹೂಂ ಎಂದ ಮೇಲೆ ಎಷ್ಟೋ ವರ್ಷಗಳ ನಂತರ ಚೆನ್ನಾಗಿ ನಿದ್ದೆ ಬರುತ್ತಿದೆ ಎಂದು ಬರೆದಿದ್ದೆ. ನಿನ್ನ ಸಾಲುಗಳಲ್ಲಿ ನನಗೆ ಅರ್ಥವಾಗದೆ ಮತ್ತೆ ಮತ್ತೆ ಓದಿದ್ದು ಅದೊಂದನ್ನೇ. ಬಾಗಿಲು ತೆರೆದಿದೆ ಎಂದು ಗೊತ್ತಾದದ್ದಕ್ಕೇ ನಿದ್ದೆ ಬರುತ್ತಿದ್ದರೆ, ಬಾಗಿಲು ಹಾಗೇ ತೆರೆದಿರಲಿ, ನೀನು ಒಳಗೇ ಇರಬಹುದಲ್ಲ? ಇದೂ ಒಂದು ವಾದವೇ. ಇದನ್ನೂ ನೀನು ಸೋಲಿಸಬಹುದು. ಆದರೆ ಆ ನಿದ್ದೆ ಇನ್ನೂ ಬರುತ್ತಿದೆಯಾ ಎಂಬುದನ್ನಾದರೂ ನಿನ್ನ ಡಾಕ್ಟರಿಗೆ ಹೇಳು.

ಈಗ ಹೇಳಬೇಕಾದ್ದು. ನಾನು ಕೊಟ್ಟ ಸಪ್ತಮಿಯನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದೇನೆ. ಬೇರೆ ದಿನವನ್ನೂ ಕೊಡುವುದಿಲ್ಲ. ಅಕ್ಕ ಒಪ್ಪಿಲ್ಲ ಎಂದು ಡಾಕ್ಟರಿಗೆ ತಿಳಿಸು. ಅದರಿಂದ ಅವರ ನಿಯಮದಲ್ಲಿ ಏನೂ ಬದಲಾಗುವುದಿಲ್ಲ ಎಂದು ನನಗೆ ಗೊತ್ತು, ಆದರೂ ತಿಳಿಸು. ನಿನ್ನ ನೋವು ಸುಳ್ಳು ಎಂದು ನಾನು ಒಂದು ದಿನವೂ ಅಂದುಕೊಂಡಿಲ್ಲ ಎಂಬುದನ್ನೂ ಸೇರಿಸು. ವೀಸಾಕ್ಕೆ ಓಡಾಡುತ್ತಿದ್ದೇನೆ, ರಜೆಗೆ ಬರೆದುಕೊಟ್ಟಾಗಿದೆ. ನಿನ್ನೆದುರಿಗೆ ಕೂತು ಬೇಡ ಎನ್ನುತ್ತೇನೆ. ಎಲ್ಲ ಕೇಳಿಯೂ ನೀನು ಆ ದಿನವನ್ನೇ ಆರಿಸಿಕೊಂಡರೆ, ಆ ಕೋಣೆಯಲ್ಲಿ ನಿನ್ನ ಕೈ ಹಿಡಿದುಕೊಂಡಿರುವವಳು ನರ್ಸ್ ಆಗಿರಬಾರದು. ನಾನೇ ಇರುತ್ತೇನೆ. ಈ ಸಾಲು ಬರೆಯಲು ಇಡೀ ಮಧ್ಯಾಹ್ನ ಬೇಕಾಯಿತು.

ಒಳಗೆ ಅಮ್ಮ ಕೆಮ್ಮಿದಳು, ಎದ್ದಿರಬೇಕು.

ನಿನ್ನ
ಅಕ್ಕ

ಮರೆತ ಮಾತು: ಅಮ್ಮ ಮಲಗಿಯೇ ಇರಲಿಲ್ಲವಂತೆ. ಬಂದು ಎದುರಿಗೆ ಕೂತು, ಯಾರಿಗೆ ಇಷ್ಟುದ್ದ ಕಾಗದ ಎಂದಳು. ನಿನ್ನ ಮೈ ಸ್ವಲ್ಪ ಸರಿಯಿಲ್ಲ, ಹಾರ್ಟಿನ ತೊಂದರೆ ಇರಬಹುದು, ಎಂದು ಶುರು ಮಾಡಿದೆ. “ಥೈರಾಯ್ಡ್ ಅಂತ ಊರಿಗೆಲ್ಲ ಹೇಳಿದೋಳು ನಾನು. ನನಗೇ ಹೇಳಕ್ಕೆ ಬರಬೇಡ,” ಎಂದಳು. ಹೇಳಿದೆ, ಎಲ್ಲವನ್ನೂ. ಅವಳು ಅಳಲಿಲ್ಲ. ಕಾನೂನು, ಡಾಕ್ಟರು, ಯಾವುದನ್ನೂ ಕೇಳಲಿಲ್ಲ. ಅಲ್ಲಿ ನಿನ್ನ ಮನೆಯಲ್ಲಿ ಅವಳೊಬ್ಬಳಿಗೇ ಅಂತ ಬೇರೆ ಒಲೆ ಇಟ್ಟುಕೊಳ್ಳಲು ಜಾಗ ಇದೆಯಾ ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ. ಪಕ್ಕದ ಮನೆಯ ನೀರೂ ಕುಡಿಯದವಳು, ಸಮುದ್ರ ದಾಟಿದವರನ್ನು ಅಡುಗೆಮನೆಗೆ ಬಿಡದವಳು, ತನಗೊಂದು ಪಾಸ್‌ಪೋರ್ಟ್ ಮಾಡಿಸು ಎಂದಿದ್ದಾಳೆ. ನಾಳೆ ಬೆಳಿಗ್ಗೆ ನನ್ನ ಜೊತೆ ಫೋಟೋ ತೆಗೆಸಲು ಬರುತ್ತಾಳಂತೆ. “ನಾನು ಬರೋವರೆಗೂ ಇರು ಅಂತ ಬರಿ,” ಎಂದಳು. ಬರೆದಿದ್ದೇನೆ. ಅವಳ ವಯಸ್ಸಿನವರಿಗೆ ಪಾಸ್‌ಪೋರ್ಟು, ಆಮೇಲೆ ವೀಸಾ, ಎಷ್ಟು ಕಾಲ ಹಿಡಿಯುತ್ತದೋ ತಿಳಿಯದು. ಒಂದು ಸರ್ಕಾರಿ ಕಚೇರಿ ನಿಧಾನವಾಗಿ ಕೆಲಸ ಮಾಡಲಿ ಎಂದು ಜೀವನದಲ್ಲಿ ಮೊದಲ ಸಲ ಬೇಡಿಕೊಳ್ಳುತ್ತಿದ್ದೇನೆ.