ಅಣ್ಣನ ತಟ್ಟೆ ಒರೆಸಿಟ್ಟಿದ್ದೇನೆ

ಅಮ್ಮ,

ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡು ಬರೆಯುತ್ತಿದ್ದೇನೆ. ಅಣ್ಣನಿರುವ ಆಸ್ಪತ್ರೆಗೆ ಹೊರಟಿದ್ದೇನೆ, ವಿಶಾಖಪಟ್ಟಣದ ರೈಲಿಗೆ ಅರ್ಧ ಗಂಟೆ ಇದೆ. ನೀನು ದುರ್ಗಮ್ಮನ ಗುಡಿಯಿಂದ ಬೆಟ್ಟ ಇಳಿದು ಬರುವವರೆಗೆ ಕಾಯಲಾಗಲಿಲ್ಲ. ಹಾಲು ಕಾಯಿಸಿದೆ. ಕುಕ್ಕರಿನ ಗ್ಯಾಸ್ಕೆಟ್ ಹೋಗಿದೆ, ಅನ್ನ ಪಾತ್ರೆಯಲ್ಲೇ ಮಾಡಿಕೋ.

ಅಣ್ಣನ ತಟ್ಟೆ ಲೋಟಕ್ಕೆ ಬೇರೆ ಇಡಲೆಂದು ನೀನು ಗುರುತಿಗೆ ಹಚ್ಚಿದ್ದ ಕೆಂಪು ಬಣ್ಣವನ್ನು ಸೀಮೆಎಣ್ಣೆಯಲ್ಲಿ ಒರೆಸಿ ನಮ್ಮವುಗಳ ಜೊತೆಗೇ ಇಟ್ಟಿದ್ದೇನೆ. ಹುಡುಕಿ ತೆಗೆಯಬೇಡ. ಡಾಕ್ಟರು ಹೇಳಿದ್ದನ್ನೇ ಮತ್ತೆ ಬರೆಯುತ್ತೇನೆ: ಅವನ ಮೆದುಳಿನ ಪೊರೆಗೆ ಹತ್ತಿರುವುದು ಶಿಲೀಂಧ್ರ, ಧೂಳಿನಿಂದ ಬಂದದ್ದು, ಒಬ್ಬರಿಂದೊಬ್ಬರಿಗೆ ಅಂಟುವುದಿಲ್ಲ. ಅವನಿಗೆ ಏಡ್ಸ್ ಇಲ್ಲ. ಉಬ್ಬಸಕ್ಕೆಂದು ವರ್ಷಗಟ್ಟಲೆ ನುಂಗಿದ ಸ್ಟೀರಾಯ್ಡ್ ಮಾತ್ರೆ ರೋಗ ತಡೆಯುವ ಮೈಯ ಶಕ್ತಿ ತಿಂದಿದೆ. ಔಷಧಿಯ ಡ್ರಿಪ್ ಏರಿಸಿದಾಗ ಮಂಚ ಅಲುಗುವಷ್ಟು ನಡುಗುತ್ತಾನೆ. ನಾನು ಅವನ ಕಾಲು ಹಿಡಿದುಕೊಂಡು ಗೋಡೆ ನೋಡುತ್ತಿರುತ್ತೇನೆ. ಏನೂ ಅನ್ನಿಸುವುದಿಲ್ಲ.

ಹೋದ ಸಲ ನಿನ್ನ ಮಾತು ಅಣ್ಣನಿಗೆ ತಲುಪಿಸಿದೆ: ಏಡ್ಸ್ ಇಲ್ಲವೆನ್ನುವ ರಕ್ತದ ರಿಪೋರ್ಟ್ ತಂದು ಮಾವನಿಗೂ ಅಕ್ಕಪಕ್ಕದವರಿಗೂ ತೋರಿಸಿದರೆ ಮನೆಗೆ ಸೇರಿಸುತ್ತೀಯೆಂದು. ಪಕ್ಕದ ಮಂಚದ ದುರ್ಗಾಪ್ರಸಾದ್ ಅವರಿಗೂ ಇದೇ ಕಾಯಿಲೆ. ಅವರಿಗೆ ಎಚ್‌ಐವಿ ಇದೆ. ಮನೆಯವರು ಯಾರೂ ವಾರ್ಡಿನ ಬಾಗಿಲು ದಾಟುವುದಿಲ್ಲ. ಬೆಳಿಗ್ಗೆಯ ಇಡ್ಲಿಯನ್ನು ಅವರೂ ಅಣ್ಣನೂ ಒಂದೇ ಪೊಟ್ಟಣದಿಂದ ತಿನ್ನುತ್ತಾರೆ.

“ಹೋಗು ತಮ್ಮುಡೂ, ನಿನಗಾದರೂ ತೋರಿಸೋಕೆ ಒಂದು ಕಾಗದ ಇದೆ,” ಎಂದು ಅವರು ಅಣ್ಣನಿಗೆ ತೆಲುಗಿನಲ್ಲಿ ಹೇಳಿ ನಕ್ಕರು.

ಅಣ್ಣ ನಗಲಿಲ್ಲ. “ಅಮ್ಮಂಗೆ ಹೇಳು, ಆ ಕಾಗದ ತೋರಿಸಿಯೇ ಒಳಗೆ ಬರಬೇಕು ಅನ್ನೋದಾದ್ರೆ ನಾನು ಬರಲ್ಲ.”